ತುಳಿದು ಹಿಡಿದ ಪೆಡಲ್

ಅಕ್ಕನ ಹಳೆಯ ಕಾರಿನ ಬ್ರೇಕ್ ಪೆಡಲ್ ತುಳಿದರೆ ಕೆಸರಿನಲ್ಲಿ ಹೂತಂತೆ ಕೆಳಗಿಳಿಯುತ್ತಿತ್ತು. ಭಾವ ಅದೇ ಪೆಡಲ್ ಮೇಲೆ ಕಾಲೂರಿಕೊಂಡೇ ಪ್ರಾಣ ಬಿಟ್ಟಿದ್ದರು.

"ನಾಳೆ ಮಕ್ಕಳನ್ನ ಕೂರಿಸ್ಕೊಂಡು ಬೆಟ್ಟ ಇಳೀಬೇಕು. ನೀನಿದ್ದೂ ಹೀಗಾ, ಮೆಕ್ಯಾನಿಕ್ ಸಾಹೇಬ?" ಎಂದಳು ಅಕ್ಕ.

ಬ್ರೇಕ್ ಆಯಿಲ್ ಎಲ್ಲೂ ಸೋರಿರಲಿಲ್ಲ. ಒಳಗೆ ಗಾಳಿ ಸೇರಿರಬೇಕೆಂದು ಅಕ್ಕನನ್ನು ಸೀಟಿನಲ್ಲಿ ಕೂರಿಸಿ, ಚಕ್ರದ ಹಿಂದೆ ಮಲಗಿದೆ.

"ತುಳಿದು ಹಿಡ್ಕೋ" ಎಂದೆ. ಪೆಡಲ್ ಕಿರ್ರೆಂದಿತು. ಗಾಳಿ ಹೊರಬಿಡುವ ತಿರುಪು ಸಡಿಲಿಸಿದೆ, ಗುಳ್ಳೆಗಳೊಂದಿಗೆ ಬಂದ ಆಯಿಲ್ ಮಂಜಿನಷ್ಟು ತಣ್ಣಗಿತ್ತು. ಬಿಗಿಮಾಡಿ "ಬಿಡು" ಎಂದೆ. ಮತ್ತೆ ಕಿರ್ರೆಂದಿತು. ಕೊನೆಯ ಚಕ್ರದಲ್ಲಿ "ಬಿಡು" ಎನ್ನುವ ಮುಂಚೆಯೇ ಅಕ್ಕ ಅಡುಗೆಮನೆಯಿಂದ ಬಂದಳು.

"ಹಾಲು ಉಕ್ತಿತ್ತು, ನೀನು ಮಲಗಿದಾಗಲೇ ಇಳಿದು ಹೋದೆ. ಈಗ ಕೂರ್ಲಾ?"

ಸೀಟು ಖಾಲಿಯಿತ್ತು. ಪೆಡಲ್ ತಳಕ್ಕೆ ಒತ್ತಿಕೊಂಡೇ ಇತ್ತು.

"ಬಿಡಿ, ಭಾವ" ಎಂದೆ.

ಬಿಡಲಿಲ್ಲ. ಮಕ್ಕಳು ಬಸ್ಸಿನಲ್ಲಿ ಹೋದರು. ಕಾರು ಇವತ್ತಿಗೂ ಅಕ್ಕನ ಅಂಗಳ ದಾಟಿಲ್ಲ.