ಅಳಿಸಿಬಿಟ್ಟ ಬೂದು ಗೆರೆಗಳು

"ನಿಮ್ಮ ಪರದೆಯೊಳಗ ಸಂಡೂರು ಭಾಳ ಹಸಿರೈತಿ ಮೇಡಂ. ಯಾವ ಕಾಲದ್ದು?"

ಗಣಿ ಕಂಪನಿಯ ಪುಟ್ಟ ವಿಮಾನದ ಪೈಲಟ್ ರೇವಣಸಿದ್ದ ಮೊದಲ ಭೇಟಿಯಲ್ಲೇ ಹೀಗೆ ಕೆಣಕಿದಾಗ ಅಪೇಕ್ಷಾಳಿಗೆ ಮೈಯೆಲ್ಲ ಉರಿದುಹೋಯಿತು. ಕೆಂಧೂಳಿನಲ್ಲಿ ಏನೂ ಕಾಣದಾದಾಗ, ಪೈಲಟ್‌ನ ಮುಂದೆ ಗುಡ್ಡ ಕಣಿವೆಗಳ ಚಿತ್ರ ಬಿಡಿಸಿ ತೋರಿಸುವ ಪರದೆ ಅದು. ಯಾವ ಗೆರೆ, ಯಾವ ಬಣ್ಣ ಇಟ್ಟರೆ ಮನುಷ್ಯನ ಕಣ್ಣು ಮೋಸ ಹೋಗುವುದಿಲ್ಲ ಎಂದು ಕಂಡುಹಿಡಿಯುವುದೇ ಹೊಸಪೇಟೆಯ ಈ ಇಂಜಿನಿಯರ್ ಹುಡುಗಿಯ ಕೆಲಸ.

ಆದರೆ ಅವನು ಹೇಳಿದ್ದು ನಿಜವೇ. ನಕ್ಷೆ ಹಳೆಯದು. ಗಣಿಯವರು ಒಂದು ಕಡೆ ಗುಡ್ಡ ಕರಗಿಸಿ, ಇನ್ನೊಂದು ಕಡೆ ಮಣ್ಣು ಸುರಿದು ಹೊಸ ಗುಡ್ಡ ಎಬ್ಬಿಸುತ್ತಿದ್ದರು. ಅಂಥ ಜಾಗಗಳ ಮೇಲೆಲ್ಲ 'ಇಲ್ಲಿ ಏನಿದೆಯೋ ಗೊತ್ತಿಲ್ಲ' ಎಂದು ಎಚ್ಚರಿಸುವ ಬೂದು ಗೆರೆಗಳನ್ನು ಅವಳು ಎಳೆದಳು.

ಜಗಳವಾಡುತ್ತಲೇ ಹಾರಾಟದ ಪರೀಕ್ಷೆಗಳು ನಡೆದವು. ಯಾವಾಗ ಪ್ರೀತಿಯಾಯಿತೋ... ಇಬ್ಬರಿಗೂ ತಿಳಿಯಲಿಲ್ಲ.

ಪ್ರೀತಿ ಬಂದಮೇಲೆ ಇಂಜಿನಿಯರ್ ಬುದ್ಧಿ ಎಲ್ಲಿ ಉಳಿಯುತ್ತದೆ ಹೇಳಿ! ಬೂದು ಗೆರೆಗಳು ಕಣ್ಣಿಗೆ ಕಿರಿಕಿರಿ, ಅಳಿಸು ಎಂದ ಅವನು. ಇನ್ನೊಬ್ಬ ಪೈಲಟ್‌ನನ್ನು ಒಂದು ಮಾತೂ ಕೇಳದೆ ಅವಳು ಅಳಿಸಿಬಿಟ್ಟಳು.

ಒಂದು ಮಧ್ಯಾಹ್ನ ಅವನೊಬ್ಬನೇ ಹಾರುತ್ತಿದ್ದಾಗ ಧೂಳು ಕವಿಯಿತು. ಪರದೆಯಲ್ಲಿ ಸಮತಟ್ಟಾದ ಹಸಿರು ಬಯಲು. ಅವಳ ಚಿತ್ರವಲ್ಲವೇ... ನಿಶ್ಚಿಂತೆಯಿಂದ ವಿಮಾನವನ್ನು ಕೆಳಗಿಳಿಸಿದ. ಹೊಸ ಮಣ್ಣುಗುಡ್ಡ ಎದುರಾಯಿತು.

ಜೀವ ಉಳಿಯಿತು. ಎರಡೂ ಕಣ್ಣು ಹೋದವು.

ಆಸ್ಪತ್ರೆಯ ಬಾಗಿಲಲ್ಲಿ ಅವನ ತಾಯಿ ಎರ್ರಮ್ಮ ಅವಳನ್ನು ತಡೆದು, ನಿನ್ನನ್ನು ಒಳಗೆ ಬಿಡಬೇಡ ಎಂದಿದ್ದಾನೆ ಅಂದಳು. 'ನನ್ನ ಮುಖ ನೋಡಲೂ ಅವನಿಗೆ ಇಷ್ಟವಿಲ್ಲ...' ಎಂದುಕೊಂಡಳು ಅಪೇಕ್ಷಾ. ಮರುಕ್ಷಣವೇ, ಅವನಿನ್ನು ಯಾರ ಮುಖವನ್ನೂ ನೋಡಲಾರ ಎಂಬುದು ನೆನಪಾಯಿತು.

ಅಪಘಾತದ ವಿಚಾರಣೆಯಲ್ಲಿ ತಪ್ಪು ಒಪ್ಪಿಕೊಳ್ಳಲು ಹೋದರೆ, ಎಲ್ಲ ತನ್ನದೇ ತಪ್ಪೆಂದು ಅವನು ಆಗಲೇ ಹೇಳಿಕೆ ಕೊಟ್ಟಿದ್ದ. ಅದು ತಿಳಿದವಳೇ ಅವನ ಊರು ಕಂಪ್ಲಿಯ ಬಸ್ಸು ಹತ್ತಿದಳು.

ಅವನು ತಂದೆಯ ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದ. ಹೆಜ್ಜೆಯಿಂದಲೇ ಗುರುತು ಹಿಡಿದ.

"ಯಾಕ ಬಂದಿ? ಕುರುಡನ್ನ ಕಟ್ಕೊಂಡು ಏನ್ ಮಾಡ್ತಿ? ಅದಕ್ಕ ಬರಬ್ಯಾಡ ಅಂದಿದ್ದೆ."

"ಗೆರಿ ಅಳಿಸಿದಾಕಿ ನಾನು, ಸಿದ್ದೂ..."

"ಅಳಸು ಅಂದಾಂವ ನಾನು."

ಇಬ್ಬರೂ ಅತ್ತರು. ಅತ್ತರೆ ಕಣ್ಣು ಮರಳಿ ಬರುತ್ತದೆಯೇ? ಬಹಳ ಹೊತ್ತಿನ ಮೇಲೆ ಅವನು ತಡಕಾಡುತ್ತಾ ಅವಳ ಕೈ ಹುಡುಕಿದ.

"ಮುಂದ ನಮಗ ಏನೈತಿ, ಹೇಳು."

ಎಲ್ಲ ಸರಿಹೋಗುತ್ತದೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಗೊತ್ತಿಲ್ಲ..."

"ಹಂಗ ಹೇಳು." ಅವನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದ. "ಮತ್ತ ಬೂದು ಗೆರಿ ಎಳದಿ. ಈಗ ನಂಬತೀನಿ. ಕುಂದ್ರು."