ಆದರೆ... ಅನ್ನುವವರೆಗೆ

"ಈ ಉತ್ತರಕ್ಕೆ ಸೊನ್ನೆಯಾ, ಟೀಚರ್?"

ಆ ದನಿ! ಅವಳ ಕೈಯಲ್ಲಿದ್ದ ಕೆಂಪು ಪೆನ್ನು ಅಲ್ಲೇ ನಿಂತಿತು.

ಮೌಲ್ಯಮಾಪನ ಕೇಂದ್ರದ ಕೊನೆಯ ದಿನ. ಈ ಮೇಜಿಗೆ ಹೊಸ ಮುಖ್ಯ ಪರೀಕ್ಷಕರು ಬರುತ್ತಾರೆಂದು ಗೊತ್ತಿತ್ತು. ಬರುವವನು ಅವನೇ ಎಂದು ಯಾರೂ ಹೇಳಿರಲಿಲ್ಲ. ಕಿವಿಯ ಬಳಿ ಕೂದಲು ನರೆತಿದೆ. ಹುಬ್ಬು ಏರಿಸುವ ರೀತಿ ಮಾತ್ರ ಹಾಗೇ ಇದೆ!

"ಹೌದು ಸರ್. ರಾಜ್ಯ ಬಿದ್ದದ್ದು ಯುದ್ಧದಿಂದ ಅಂತ ಮೊದಲ ಸಾಲು. ಕೊಟ್ಟ ಆಧಾರವೆಲ್ಲ ತೆರಿಗೆಯದ್ದು. ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ."

"'ಯುದ್ಧದಿಂದ ಅನಿಸುತ್ತದೆ' ಅಂತ ಬರೆದಿದ್ದಾನೆ. ಮುಂದೆ ಓದಿದ್ರಾ?"

ಪಕ್ಕದ ಮೇಜಿನ ಭೂಗೋಳದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಶುರುವಾಯ್ತಪ್ಪಾ... ಇನ್ನು ನಮಗೆ ಟೀ ಸಿಕ್ಕ ಹಾಗೇ!"

ಅವಳಿಗೆ ನಗು ಬರಲಿಲ್ಲ. ಮನಸ್ಸು ಆಗಲೇ ಹಳೆಯ ಶಾಲೆಯ ಮೆಟ್ಟಿಲು ಹತ್ತುತ್ತಿತ್ತು...

ಆಗ ಅವಳು ಇತಿಹಾಸದ ಟೀಚರ್, ಅವನು ಭಾಷೆಯ ಮೇಷ್ಟ್ರು. ಹಿಂದುಳಿದ ಮಕ್ಕಳಿಗೆ ಉತ್ತರ ಬರೆಯುವುದನ್ನು ಇಬ್ಬರೂ ಸೇರಿ ಕಲಿಸುತ್ತಿದ್ದರು. ವಾದವನ್ನು ಮೊದಲ ಸಾಲಲ್ಲೇ ಹೇಳಿಬಿಡಿ ಎನ್ನುತ್ತಿದ್ದವಳು ಅವಳು. ಎದುರಾಳಿಯ ಮಾತನ್ನು ಮೊದಲು ಹೇಳಿ, ಆಮೇಲೆ 'ಆದರೆ' ಎನ್ನಿ ಎನ್ನುತ್ತಾ ಅಂಚಿನಲ್ಲಿ 'ಆಧಾರ?' ಎಂದು ಗೀಚುತ್ತಿದ್ದವನು ಅವನು. ಮಕ್ಕಳು ಒಬ್ಬರಿಗೆ ಮೊದಲ್ನೇ ಸಾಲು ಮೇಡಂ ಎಂದೂ ಇನ್ನೊಬ್ಬರಿಗೆ ಆಧಾರ ಮೇಷ್ಟ್ರು ಎಂದೂ ನಾಮಕರಣ ಮಾಡಿದ್ದರು.

"'ನಮ್ಮ ಶಾಲೆ ಚೆನ್ನಾಗಿದೆ' ಅನ್ನೋದು ವಾದವಲ್ಲ, ಬರೀ ಹೊಗಳಿಕೆ," ಎಂದಿದ್ದಳು ಒಮ್ಮೆ. "ಯಾರಾದರೂ 'ಇಲ್ಲ' ಅನ್ನಬಹುದಾದ ಮಾತು ಹೇಳಿ."

"ನಮ್ಮ ಶಾಲೆಯ ಊಟದ ಗಂಟೆ ತಡವಾಗಿ ಹೊಡೆಯುತ್ತೆ!" ಎಂದಳು ಹಿಂದಿನ ಬೆಂಚಿನ ಹುಡುಗಿ.

"ಆಧಾರ?" ಎಂದ ಅವನು.

"ನನ್ನ ಹೊಟ್ಟೆ, ಸಾರ್!"

ಇಡೀ ತರಗತಿ ನಕ್ಕಿತ್ತು. ಆ ನಗುವಿನ ನಡುವೆ ಅವನು ಅವಳ ಕಡೆ ನೋಡಿದ್ದ...

ಅವನಿಗೆ ವರ್ಗವಾದ ದಿನ, ಅದೇ ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿದ್ದ. "ಟೀಚರ್, ನಮ್ಮಿಬ್ಬರಿಗೂ ಹೊಂದೋದಿಲ್ಲ. ಮಾತೆತ್ತಿದ್ರೆ ಜಗಳ..."

'ಇಷ್ಟು ಹೇಳೋಕೆ ಕರೆದ್ರಾ?' ಎಂದುಕೊಂಡಿದ್ದಳು. "ಅರ್ಥವಾಯ್ತು ಸರ್," ಎಂದು ಸರಸರನೆ ಇಳಿದುಹೋಗಿದ್ದಳು.

ಆಮೇಲೆ ಬಂದ ಗಂಡುಗಳಿಗೆಲ್ಲ ಅವಳು ಬೇಡವೆಂದಳು. ಕಾರಣ ಕೇಳಿ ಕೇಳಿ ಅಮ್ಮ ಸೋತರು.

"ಟೀಚರ್?" ಅವನು ಉತ್ತರಪತ್ರಿಕೆಯನ್ನು ಅವಳತ್ತ ಸರಿಸಿದ. "ಎರಡನೇ ಸಾಲು."

ಓದಿದಳು. 'ಆದರೆ ಸೈನಿಕರಿಗೆ ಸಂಬಳವೇ ಇರಲಿಲ್ಲ. ತೆರಿಗೆ ಹಣ ಎಲ್ಲಿ ಹೋಯಿತೆಂದು ನೋಡಿದರೆ ನಿಜವಾದ ಕಾರಣ ತಿಳಿಯುತ್ತದೆ.' ಹುಡುಗ ಎದುರಾಳಿಯ ಮಾತನ್ನು ಮೊದಲು ಹೇಳಿ, ಆಮೇಲೆ ಅದನ್ನು ಕೆಡವಿದ್ದ. ಇದು ಎದುರಿಗೆ ನಿಂತವನು ಕಲಿಸುತ್ತಿದ್ದ ಕ್ರಮ! ಅವನ ಮಾತೂ ಯಾವಾಗಲೂ ಹಾಗೇ...

ಯಾವಾಗಲೂ?

ಅವಳು ತಲೆಯೆತ್ತಿದಳು.

"ಸರ್... ಆ ದಿನ ಮೆಟ್ಟಿಲ ಹತ್ರ... ಆಮೇಲೆ ಏನೋ ಹೇಳೋದಿತ್ತಾ?"

ಅವನು ಕುರ್ಚಿ ಎಳೆದು ಕೂತ. "'ಆದ್ರೆ' ಅನ್ನೋದಿತ್ತು. ಅಷ್ಟರಲ್ಲಿ ನೀವು ಕೆಳಗಿದ್ರಿ. ನಿಮಗೆ ನಾನು ಬೇಡ ಅಂದ್ಕೊಂಡೆ."

"ಬೆನ್ನು ತಿರುಗಿಸಿದ್ದೊಂದೇ ಆಧಾರ! ಅದಕ್ಕೆ ನೀವು ಮಕ್ಕಳಿಗೆ ಎಷ್ಟು ಅಂಕ ಕೊಡ್ತಿದ್ರಿ?"

"ಸೊನ್ನೆ," ಎಂದ ತಲೆತಗ್ಗಿಸಿ.

ಅವಳು ಉತ್ತರಪತ್ರಿಕೆಯ ಸೊನ್ನೆಯನ್ನು ಹೊಡೆದು ಹಾಕಿ, ಪಕ್ಕದಲ್ಲಿ ಪೂರ್ತಿ ಅಂಕ ಬರೆದು ಸಹಿ ಮಾಡಿದಳು. ಸಂಜೆಯ ಗಂಟೆ ಹೊಡೆದರೆ ಅವನು ಒಂದು ಊರಿಗೆ, ಅವಳು ಇನ್ನೊಂದು ಊರಿಗೆ...

"ಈಗ ನಿಮ್ಮ ಕ್ರಮದಲ್ಲೇ ಹೇಳ್ತೀನಿ ಟೀಚರ್," ಎಂದ ಅವನು. "ನನಗೆ ನೀವು ಬೇಕು. ಅವತ್ತೂ ಬೇಕಿತ್ತು."

"...ಆಧಾರ?"

"ಇನ್ನೂ ಒಬ್ಬನೇ ಊರೂರು ಅಲೀತಿದ್ದೀನಿ, ಯಾವ ಊರಿಗೆ ಹೋದ್ರೂ ಮೊದಲ ಪಾಠ ನಿಮ್ಮದೇ. ಆ ಗಂಟೆ, ಆ ಹೊಟ್ಟೆ... ಮಕ್ಕಳು ಕೇಳ್ತಾರೆ, ಆ ಟೀಚರ್ ಈಗೆಲ್ಲಿದ್ದಾರೆ ಸಾರ್ ಅಂತ."

"ಏನಂತೀರಿ?"

"ಪಾಠ ಮುಂದುವರಿಸ್ತೀನಿ. ದನಿ ಸರಿಯಿರಲ್ಲ."

ಗಂಟೆ ಹೊಡೆಯಿತು. ಕುರ್ಚಿಗಳು ಸರಿದವು. ಭೂಗೋಳದ ಮೇಷ್ಟ್ರು ಬಾಗಿಲಿನಿಂದ ಕೂಗಿದರು. "ಟೀಚರ್, ಬಸ್ಸು ಹೋಗಿಬಿಡುತ್ತೆ!"

"ಹೋಗಲಿ ಬಿಡಿ ಸರ್!"

ಅವಳು ಏಳಲಿಲ್ಲ. ಕಣ್ಣೊರೆಸಿಕೊಂಡು ಪೆನ್ನಿನ ಮುಚ್ಚಳ ಹಾಕಿದಳು.

"ಇದೊಂದೇ ಆಧಾರ ಸಾಲದು. ಮುಂದೆ ಹೇಳಿ..."

"ತುಂಬಾ ಉದ್ದ ಇದೆ, ಟೀಚರ್."

"ಇರಲಿ. ಈ ಸಲ ಕೊನೇವರೆಗೂ ಕೇಳ್ತೀನಿ."