ಇಲಿಗಳಿಗೇ ಮೊದಲು ಗೊತ್ತಾಗಿದ್ದು

"ನಿಂತ್ಕೊಳಿ. ಇನ್ನೊಂದು ಹೆಜ್ಜೆ ಒಳಗಿಟ್ರೆ ವಾಪಸ್ ಕಳಿಸ್ಬೇಕಾಗುತ್ತೆ."

ಬಾಗಿಲ ಮೇಲೆ ಕೈಯಿಟ್ಟವಳು ಹಾಗೇ ನಿಂತುಬಿಟ್ಟಳು. ಲ್ಯಾಬಲ್ಲಿ ಅವಳಿಗೆ ಮೊದಲನೇ ದಿನ. ಗೌನು, ಟೋಪಿ, ಮಾಸ್ಕು, ಗ್ಲೌಸು... ಇನ್ನೇನು ಬೇಕಂತೆ ಈ ಮನುಷ್ಯನಿಗೆ?

"ಟೋಪಿಯಿಂದ ಕೂದಲು ಆಚೆ ಬಂದಿದೆ."

"ಒಂದೆಳೆ ತಾನೇ?"

"ಒಳಗಿರೋ ಇಲಿಗಳಿಗೆ ರೋಗ ತಡ್ಕೊಳೋ ಶಕ್ತೀನೇ ಇಲ್ಲ ಮೇಡಂ. ಹುಟ್ಟಿನಿಂದಲೇ ಇರದ ಹಾಗೆ ಮಾಡಿರೋದು. ನಮಗೆ ಬರೀ ನೆಗಡಿ, ಅವಕ್ಕೆ ಸಾವು."

ಅವನು ಇಲಿ ಕೋಣೆಯ ಪಶುವೈದ್ಯ. ಎಲ್ಲರೂ ಡಾಕ್ಟ್ರು ಅಂತಿದ್ರು. ಮಾಸ್ಕಿನ ಮೇಲೆ ಕಾಣ್ತಿದ್ದಿದ್ದು ಎರಡು ಕಣ್ಣು. ಅದರಲ್ಲಿ ಕೋಪ ಇರ್ಲಿಲ್ಲ, ನಗು ಇತ್ತು.

ಅಷ್ಟೇ ಸಾಕಾಯ್ತು ಅವಳಿಗೆ...

ಆ ಇಲಿಗಳ ಮೈಯಲ್ಲಿ ಮನುಷ್ಯರ ಗಡ್ಡೆ ಬೆಳೆಸಿದ್ರು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡೋ ಕೋಶಗಳ ಗಡ್ಡೆ. ಅದು ಸುಮ್ನಿರಲ್ಲ, ಹೊತ್ತುಗೊತ್ತಿಲ್ದೆ ಇನ್ಸುಲಿನ್ ಸುರಿಸುತ್ತೆ, ರಕ್ತದಲ್ಲಿರೋ ಸಕ್ಕರೆ ಇಳಿದೇ ಹೋಗುತ್ತೆ. ಹೊಸ ಔಷಧಿಗೆ ಅದು ಏರುತ್ತಾ ನೋಡೋದು ಅವಳ ಕೆಲಸ.

ಮಂಗಳವಾರ, ಶುಕ್ರವಾರ ಡಾಕ್ಟ್ರು ಜೊತೆಗಿರ್ತಿದ್ದ. ಅವನು ಇಲಿ ಹಿಡ್ಕೊಂಡ್ರೆ ಅವಳು ಬಾಲದಿಂದ ಒಂದು ಹನಿ ರಕ್ತ ತೆಗೀತಿದ್ಳು. ಆ ಎರಡು ದಿನ ಮಾತ್ರ ಅಕ್ಕನ ಸೆಂಟು ಕಿವಿ ಹಿಂದೆ ಒಂಚೂರು... ಸೆಂಟು ಹಾಕಬಾರದು ಅಂತ ಬಾಗಿಲ ಮೇಲೆ ಬರೆದೇ ಇತ್ತು. ಇಷ್ಟೇ ಇಷ್ಟು ತಾನೇ, ಯಾರಿಗೆ ಗೊತ್ತಾಗುತ್ತೆ? ಮುಖಾನೇ ಕಾಣದ ಜಾಗದಲ್ಲಿ ಇನ್ನೇನು ತಾನೇ ಮಾಡೋದು ಪಾಪ!

ಆದ್ರೆ ಬೇರೆ ದಿನ ಇಳಿದೇ ಇರ್ತಿದ್ದ ಸಕ್ಕರೆ ಆ ಎರಡು ದಿನ ಮಾತ್ರ ಏರ್ತಿತ್ತು. ಔಷಧಿ ಕೊಡದ ಇಲಿಗಳಿಗೂ!

ಹೆದರಿದ ಇಲಿಗೆ ಸಕ್ಕರೆ ಏರುತ್ತೆ, ಲ್ಯಾಬಲ್ಲಿ ಎಲ್ಲರಿಗೂ ಗೊತ್ತು. ಹಾಗಾದ್ರೆ ಹೆದರಿಸ್ತಿರೋದು ಯಾರು?

ಮೀಟಿಂಗಲ್ಲಿ ಪ್ರೊಫೆಸರ್ ಮೇಡಂ ಗಟ್ಟಿಸಿ ಕೇಳಿದಾಗ ಅವಳ ಬಾಯಿಂದ ಬಂದೇಬಿಡ್ತು.

"ಡಾಕ್ಟ್ರು ಇರೋ ದಿನ ಮಾತ್ರ ಹೀಗಾಗುತ್ತೆ ಮೇಡಂ. ಸ್ವಲ್ಪ ಒರಟಾಗಿ ಹಿಡೀತಾರೇನೋ..."

ಅವನು ಒಂದು ಸಲ ಅವಳ ಕಡೆ ನೋಡಿದ. ಒಂದೂ ಮಾತಾಡ್ಲಿಲ್ಲ. ಸಂಜೆಯೊಳಗೆ ಅವನನ್ನ ಮೀನಿನ ತೊಟ್ಟಿಗಳ ಕಡೆ ಹಾಕಿದ್ರು. ಇಲಿ ಕೋಣೆಗೆ ಕಾಲಿಡೋ ಹಾಗಿಲ್ಲ.

ಮುಂದಿನ ವಾರ ಸಕ್ಕರೆ ಏರ್ಲಿಲ್ಲ. ಮೇಡಂ ಬೆನ್ನು ತಟ್ಟಿದ್ರು. ಅವಳಿಗೆ ಮಾತ್ರ ಅನ್ನ ಸೇರ್ತಿರ್ಲಿಲ್ಲ, ಸೆಂಟು ಮುಟ್ಟೋ ಮನಸ್ಸೂ ಇರ್ಲಿಲ್ಲ.

"ಏನೇ ಪುಟ್ಟಿ, ನೀನೂ ಇಲಿ ಥರ ಮೂಲೇಲಿ ಮುದುಡ್ಕೊಂಡಿದೀಯ? ವಾಸನೇನೂ ಅದೇ ಹೊಡೀತಿದೀಯ ನೋಡು." ಬೆಳಿಗ್ಗೆ ಹೊರಡೋವಾಗ ಅಕ್ಕ ಪುಸ್ಸಂತ ಸೆಂಟು ಹೊಡೆದೇಬಿಟ್ಟಳು.

ಅವತ್ತು ಡಾಕ್ಟ್ರು ಇಲ್ಲ. ಆದ್ರೂ ಇಲಿಗಳು ಪಂಜರದ ಮೂಲೆ ಸೇರ್ಕೊಂಡು ಮೂಗು ಅಲ್ಲಾಡಿಸ್ತಿದ್ವು. ಸಕ್ಕರೆ ಏರಿತ್ತು.

ಬೆಳಿಗ್ಗೆ ಅಕ್ಕ ಹೊಡೆದ ಸೆಂಟು ನೆನಪಾಯ್ತು. 'ಅಯ್ಯೋ... ನಾನು. ನಾನೇ.'

ಹೇಳ್ಬೇಕು. ಹೇಳ್ಲಿಲ್ಲ ಅಂದ್ರೆ ಅವನ ಹೆಸರು ಹಾಗೇ ಕೆಟ್ಟಿರುತ್ತೆ. ಆದ್ರೆ ಹೇಳಿದ್ರೆ, ಸೆಂಟು ಯಾಕೆ ಹಾಕ್ಕೊಂಡೆ ಅನ್ನೋದೇ ಮೊದಲನೇ ಪ್ರಶ್ನೆ ಆಗುತ್ತಲ್ಲ... ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸ್ತು.

ಸೋಮವಾರದ ಮೀಟಿಂಗಿಗೆ ಎಲ್ಲರೂ ಬಂದಿದ್ರು. ಹಿಂದಿನ ಸಾಲಲ್ಲಿ ಅವನೂ.

"ತಪ್ಪು ಡಾಕ್ಟ್ರದ್ದಲ್ಲ ಮೇಡಂ, ನಂದು. ನಾನು ಸೆಂಟು ಹಾಕ್ಕೊಂಡು ಬರ್ತಿದ್ದೆ. ಇಲಿಗಳು ಹೆದರ್ತಿದ್ದಿದ್ದು ಅದಕ್ಕೆ."

"ದಿನಾನಾ?"

"ಇಲ್ಲ... ಮಂಗಳವಾರ, ಶುಕ್ರವಾರ."

"ಅದ್ಯಾಕಮ್ಮ ಆ ಎರಡೇ ದಿನ?"

ಕಿವಿ ಕೆಂಡ ಆಯ್ತು.

"ಆ ದಿನ... ಡಾಕ್ಟ್ರು ಇರ್ತಿದ್ರು ಮೇಡಂ."

ಯಾರೋ ಕಿಸಕ್ಕಂದ್ರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ರು.

"ಇಷ್ಟು ದಿನದ ಕೆಲಸ ನೀರುಪಾಲು. ಮೊದಲಿಂದ ಶುರು ಮಾಡು. ಡಾಕ್ಟ್ರೇ, ನಾವೆಲ್ಲ ನಿಮಗೆ ಅನ್ಯಾಯ ಮಾಡಿದ್ವಿ. ವಾಪಸ್ ಬನ್ನಿ."

ಅವಳು ಯಾರನ್ನೂ ನೋಡದೆ ಮೆಟ್ಟಿಲ ಹತ್ರ ಓಡಿದಳು. ಹಿಂದೆ ಹೆಜ್ಜೆ ಸದ್ದು.

"ಒಂದ್ಸಲ ನನ್ನನ್ನ ಕೇಳಬಹುದಿತ್ತಲ್ಲ?"

"ಕ್ಷಮಿಸಿ... ನಿಮ್ಮ ಮುಖ ನೋಡೋಕೂ ನಾಚಿಕೆ ಆಗ್ತಿದೆ."

"ನನಗೂ."

"ನಿಮಗ್ಯಾಕೆ?"

"ಸೆಂಟು ಹಾಕ್ಕೊಂಡು ಬಂದವರನ್ನ ಬಾಗಿಲಲ್ಲೇ ನಿಲ್ಲಿಸೋದು ನನ್ನ ಕೆಲಸ. ನಂಗೆ ಮೊದಲನೇ ಮಂಗಳವಾರವೇ ಗೊತ್ತಾಗಿತ್ತು. ಮೀಟಿಂಗಲ್ಲಿ ಬಾಯಿ ಬರದೇ ಇದ್ದಿದ್ದು ಅದಕ್ಕೇ."

"ಮತ್ತೆ... ಯಾಕೆ ನಿಲ್ಲಿಸ್ಲಿಲ್ಲ?"

ಅವನು ನೆಲ ನೋಡಿದ.

"ನಿಲ್ಲಿಸಿದ್ರೆ ಶುಕ್ರವಾರ ಹಾಕ್ಕೊಂಡು ಬರ್ತಿರ್ಲಿಲ್ಲವಲ್ಲ."

ಅವಳು ಮೆಲ್ಲಗೆ ತಲೆ ಎತ್ತಿದಳು.

"ಭಾನುವಾರ... ನೀವು ಇಲಿ ಕೋಣೆಗೆ ಹೋಗಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಹಾಕ್ಕೊಂಡು ಬರ್ತೀನಿ."